ಗೊತ್ತಿಲ್ಲ ಎನ್ನುವುದೇ ನೌಕರಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಾಸಿಕ್ ಬಸ್ ಸ್ಟ್ಯಾಂಡಿನಲ್ಲಿ ಔರಂಗಾಬಾದಿನ ಎಸ್.ಟಿ. ಬಸ್ಸು ಗುರುಗುಡುತ್ತ ನಿಂತಿದೆ. ಸೀಟು ಹಿಡಿಯಲು ಜನ ಕಿಟಕಿಯಿಂದ ಟವೆಲ್ಲು ಒಗೆಯುತ್ತಿದ್ದಾರೆ. ವೈಜನಾಥ ಮಾತ್ರ ಬಾಗಿಲ ಪಕ್ಕ ನಿಂತು ಹತ್ತುವವರ ಕೈಗಳನ್ನು ನೋಡುತ್ತಿದ್ದಾರೆ. ಮುಖ ನೋಡುವ ಗೋಜಿಗೇ ಹೋಗುವುದಿಲ್ಲ. ಒಬ್ಬಾತ ಹೆಗಲ ಮೇಲೆ ಲೌಡ್‌ಸ್ಪೀಕರ್ ಹೊತ್ತು ಹತ್ತುತ್ತಾನೆ. ಅವನು ಕಟ್ಟಕಡೆಯ ಸೀಟಿಗೆ ಹೋಗಿ ಕೂತದ್ದು ಖಾತ್ರಿಯಾದ ಮೇಲೆ ಇವರು ಹತ್ತಿ, ಆದಷ್ಟು ಮುಂದೆ, ಆದರೆ ಎಂಜಿನ್ನಿನಿಂದ ದೂರ, ಜಾಗ ಹುಡುಕುತ್ತಾರೆ. ಲೌಡ್‌ಸ್ಪೀಕರಿನ ಬೆನ್ನಿಗೆ ಅಯಸ್ಕಾಂತವಿರುತ್ತದೆ. ಅಯಸ್ಕಾಂತವೆಂದರೆ ವೈಜನಾಥರಿಗೆ ಹಾವಿದ್ದಂತೆ.

ಅವರ ಕಂಕುಳಲ್ಲಿ ಮಕ್ಕಳು ಬರೆಯುವ ಕಲ್ಲಿನ ಪಾಟಿಗಳು, ಎರಡು, ಒಂದಕ್ಕೊಂದು ಮುಖ ಮಾಡಿ ಲಾಡಿಯಿಂದ ಬಿಗಿದವು.

“ಕಾಯ್ ಗುರೂಜಿ, ಶಾಳಾ ಕುಠೆ?” ಎಂದು ಕಂಡಕ್ಟರ್ ಚೇಷ್ಟೆ ಮಾಡುತ್ತಾನೆ. ಏನು ಗುರುಗಳೇ, ಶಾಲೆ ಎಲ್ಲಿ ಎಂದು. ಮರಾಠಿಯಲ್ಲಿ ‘ಕಾಯ್’ ಎಂದರೆ ‘ಏನು’. ಈ ಸೀಮೆಗೆ ವರ್ಗವಾಗಿ ಬಂದ ಕನ್ನಡಿಗರು ಮೊದಲ ವಾರದಲ್ಲೇ ಕಲಿತು, ಆಮೇಲೆ ಮನೆಯಲ್ಲೂ ಬಿಡಲಾರದ ಮಾತು ಅದು.

“ದೂರ ಅದ,” ಎಂದು ಕನ್ನಡದಲ್ಲೇ ಉತ್ತರಿಸಿ ವೈಜನಾಥ ಕಿಟಕಿಯ ಕಡೆ ತಿರುಗುತ್ತಾರೆ.

ಪಾಟಿಗಳ ನಡುವೆ ಇರುವುದು ನಕ್ಷೆ ತುಂಬಿದ ಕಂಪ್ಯೂಟರಿನ ತೆಳು ಫ್ಲಾಪಿ, ಅಯಸ್ಕಾಂತ ಸೋಕಿದರೆ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ನಾಸಿಕ್‌ನ ಸಾತ್ಪುರದ ಒಂದು ಕಾರ್ಖಾನೆಯಲ್ಲಿ ಸ್ಕೂಟರಿನ ಭಾಗಗಳ ಅಚ್ಚಿಗೆ ನಕ್ಷೆ ತಯಾರಾಗುತ್ತದೆ. ಆ ನಕ್ಷೆಯಂತೆ ಉಕ್ಕು ಕೊರೆಯುವುದು ಔರಂಗಾಬಾದಿನ ಚಿಕಲಠಾಣಾದ ಇನ್ನೊಂದು ಕಾರ್ಖಾನೆ, ಅದರ ಧಣಿಗಳೇ ಬೇರೆ. ನಕ್ಷೆ ಬಾಗದೆ, ಬಿಸಿಲು ತಿನ್ನದೆ, ಅನ್ಯರ ಕೈಗೆ ಬೀಳದೆ ಇಲ್ಲಿಂದ ಅಲ್ಲಿಗೆ ಹೋಗಬೇಕು. ಎರಡು ವರ್ಷದಿಂದ ವಾರಕ್ಕೆ ಮೂರು ಸಲ ಆ ಕೆಲಸ ಮಾಡುತ್ತಿರುವವರು ಭಾಲ್ಕಿ ಕಡೆಯ ಈ ವೈಜನಾಥ. ಎರಡೂ ಕಾರ್ಖಾನೆಗಳ ಹೆಸರು ಬರೆಯಕೂಡದೆಂಬುದು ಅವರು ಪತ್ರಿಕೆಯೊಂದಿಗೆ ಮಾತಾಡಲು ಹಾಕಿದ ಮೊದಲ ಷರತ್ತು. ಎರಡನೆಯದು, ಫೋಟೋ ಕೂಡದು.

“ಮಾರಿ ಗುರ್ತ ಹತ್ತಿದ್ರ ಮುಗೀತ್ರಿ,” ಎನ್ನುತ್ತಾರೆ. “ಈಗ ನಾ ಮಾಸ್ತರ. ಮಾಸ್ತರನ ಕಡಿಂದ ಯಾರು ಏನ್ ಕದೀತಾರ?”

ಮೊದಲು ಕಾಗದದ ನಕ್ಷೆಗಳೇ ಹೋಗುತ್ತಿದ್ದವು. ಒಮ್ಮೆ ನಾಸಿಕ್‌ನವರ ಬ್ರೇಕಿನ ಹಿಡಿಕೆ ಅವರಿಗಿಂತ ಮುಂಚೆ ಬೇರೆ ಯಾರದೋ ಹೆಸರಿನಲ್ಲಿ ಪೇಟೆಗೆ ಬಂತು. ಸೋರಿದ್ದು ಎಲ್ಲಿ ಎಂಬುದು ಇಂದಿಗೂ ಪತ್ತೆಯಾಗಿಲ್ಲ. ಅಂದಿನಿಂದ ನಾಸಿಕ್‌ನವರಿಗೆ ಔರಂಗಾಬಾದಿನವರ ಮೇಲೆ ಸಂಶಯ, ಅವರಿಗೆ ಇವರ ಮೇಲೆ. ವ್ಯಾಪಾರ ಮಾತ್ರ ನಗುನಗುತ್ತ ನಡೆದಿದೆ. ನಡುವೆ ಓಡಾಡುವ ವೈಜನಾಥರ ಮೇಲೆ ಇಬ್ಬರಿಗೂ ಸಂಶಯ. ಆ ಒಂದು ವಿಷಯದಲ್ಲಿ ಇಬ್ಬರದೂ ಒಮ್ಮತ. ಟೆಲಿಫೋನ್ ತಂತಿಯಲ್ಲೇ ನಕ್ಷೆ ಕಳಿಸುವ ಒಂದು ಪೆಟ್ಟಿಗೆಯನ್ನೂ ತರಿಸಿದ್ದರು. ಅದು ಅರ್ಧ ಹಿಡಿಕೆ ಕಳಿಸುವಷ್ಟರಲ್ಲಿ ಲೈನು ಸತ್ತುಹೋಗುತ್ತಿತ್ತು. ಪೆಟ್ಟಿಗೆ ಈಗ ಬಟ್ಟೆ ಹೊದ್ದು ಮೂಲೆಯಲ್ಲಿದೆ. ವೈಜನಾಥರು ಬಸ್ಸಿನಲ್ಲಿದ್ದಾರೆ.

ಬಸ್ಸಿನಲ್ಲಿ ಅವರು ನಿದ್ದೆ ಮಾಡುವುದಿಲ್ಲ. ಯಾರು ಕೊಟ್ಟ ಚಹಾವನ್ನೂ ಕುಡಿಯುವುದಿಲ್ಲ. ದಾರಿಯ ಯೇವಲಾದಲ್ಲಿ ಇಳಿದರೆ ಪಾಟಿಗಳೂ ಇಳಿಯುತ್ತವೆ. ಒಮ್ಮೆ ವೈಜಾಪುರದ ಹತ್ತಿರ ಬಸ್ಸು ಕೆಟ್ಟು, ಈರುಳ್ಳಿ ಲಾರಿಯವನು ಕರುಣೆಯಿಂದ ಹತ್ತಿಸಿಕೊಂಡ. ಸ್ಟೇರಿಂಗಿನ ಮುಂದೆ ಪುಟ್ಟ ಗಣಪತಿ. ಲಾರಿ ಕುಣಿದರೂ ಗಣಪತಿ ಅಲುಗಲಿಲ್ಲ. “ಯಾಕ ಅಲುಗವೊಲ್ದು ಅಂತ ಬಗ್ಗಿ ನೋಡಿದ್ರ ಬುಡಕ್ಕ ಅಯಸ್ಕಾಂತ್ರಿ! ದೇವರಿಗೆ ಕೈ ಮುಗದು ಅಲ್ಲೇ ಇಳದುಬಿಟ್ಟೆ. ಅಂವ ಇನ್ನೂ ಬೈತಿರಬೇಕು.”

ಮನೆಯಲ್ಲೂ ಸಂಶಯ ತಪ್ಪಿದ್ದಲ್ಲ. ನಾಸಿಕ್ ರೋಡಿನ ಬಾಡಿಗೆ ಮನೆಯಲ್ಲಿ ಹೆಂಡತಿ ಈರಮ್ಮ ಬುತ್ತಿ ಕಟ್ಟುತ್ತ ಪ್ರತಿ ಸಲ ಕೇಳುತ್ತಾರೆ: “ಪಾಟಿ ಹಿಡ್ಕೊಂಡು ಯಾವ ಸಾಲಿಗಿ ಹೋಗ್ತೀರಿ? ಅಲ್ಲಿ ಯಾವ ಮಾಸ್ತರ್ಣಿ ಕಾಯ್ತಾಳ?” ಪಾಟಿಯೊಳಗೆ ಏನಿದೆ ಎಂದು ಅವರಿಗೂ ಹೇಳಿಲ್ಲ.

ಫ್ಲಾಪಿ ಕದ್ದವನಿಗೂ ಅದು ತೆರೆಯುವುದಿಲ್ಲ. ಒಂದು ಶಬ್ದ ಒತ್ತಿದರೆ ಮಾತ್ರ ಬಾಯಿ ಬಿಡುವಂತೆ ಬೀಗ ಹಾಕಿರುತ್ತಾರೆ, ಆ ಶಬ್ದ ಬೇರೆ ದಾರಿಯಲ್ಲಿ, ಫೋನಿನಲ್ಲಿ, ಹೋಗುತ್ತದೆ. ಸಾತ್ಪುರದ ನಕ್ಷೆ ವಿಭಾಗದ ಮುಖ್ಯಸ್ಥ ರಘೋತ್ತಮ ಧಾರವಾಡದವರು. ಆಫೀಸಿನ ಫೋನು ಹತ್ತು ಮೇಜುಗಳ ನಡುವೆ ಇದೆ, ಏನು ಹೇಳಿದರೂ ಎಲ್ಲರಿಗೂ ಕೇಳುತ್ತದೆ. “ಇಂಗ್ಲಿಷ್ ಇಲ್ಲಿ ಎಲ್ಲಾರಿಗೂ ಬರ್ತದ, ಮರಾಠಿ ಗೋಡಿಗೂ ಬರ್ತದ. ಅದಕ್ಕ ಕನ್ನಡ,” ಎನ್ನುತ್ತಾರೆ ಅವರು. ಅತ್ತ ಔರಂಗಾಬಾದಿನ ಕಂಪ್ಯೂಟರ್ ಕೋಣೆಯಲ್ಲಿರುವ ಪ್ರೇಮಾಬಾಯಿ ಕಲಬುರಗಿಯವರು. ರಘೋತ್ತಮ ಶಬ್ದ ಹೇಳಬೇಕು, ಪ್ರೇಮಾಬಾಯಿ ಒಮ್ಮೆ ತಿರುಗಿ ಅದನ್ನೇ ನುಡಿಯಬೇಕು, ಫೋನು ಇಡಬೇಕು. ವೈಜನಾಥರಿಗೂ ಕನ್ನಡ ಬರುತ್ತದಲ್ಲ? ಫ್ಲಾಪಿ ಒಪ್ಪಿಸಿದವರೇ ಅವರು ಅಂಗಳದ ಬೇವಿನ ಮರದ ತನಕ ನಡೆದು ಬೆನ್ನು ತಿರುಗಿಸಿ ನಿಲ್ಲಬೇಕು. ಪ್ರೇಮಾಬಾಯಿ ಕಿಟಕಿಯಿಂದ ಕೂಗಿದ ಮೇಲೆ ತಿರುಗಬೇಕು. ಈ ನಿಯಮ ಮಾಡಿದವರು ಸಾಹೇಬರಲ್ಲ, ಸ್ವತಃ ವೈಜನಾಥ.

“ಡಬ್ಬಿನೂ ನನ್ನ ಕೈಯಾಗ, ಚಾವಿನೂ ನನ್ನ ಕೈಯಾಗ ಆದ್ರ, ಕಳವಾದ ದಿನ ನನ್ನ ಮಾತು ನಾನೇ ನಂಬೋದಿಲ್ರಿ. ಗೊತ್ತಿಲ್ಲ ಅನ್ನೋದೇ ನನ್ನ ನೌಕರಿ.”

ಆ ನೌಕರಿ ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಹೋಗಿಯೇಬಿಡುವುದರಲ್ಲಿತ್ತು.

ಅಂದು ಪ್ರೇಮಾಬಾಯಿ ಅತ್ತೆಯನ್ನು ಕರೆತರಲು ಸ್ಟೇಶನ್ನಿಗೆ ಹೋಗಿದ್ದರು. ಫೋನಿನ ಹತ್ತಿರ ಕೂತವಳು ಹೊಸದಾಗಿ ಸೇರಿದ ಮಂದಾಕಿನಿ. ನಾಸಿಕ್‌ನಿಂದ ಒಂದು ಶಬ್ದ ಬರುತ್ತದೆ, ಬರೆದುಕೋ ಎಂದಷ್ಟೇ ಅವಳಿಗೆ ಹೇಳಿದ್ದರು. ಯಾವ ಭಾಷೆಯದು ಎಂದು ಯಾರೂ ಹೇಳಿರಲಿಲ್ಲ. ಅವಳು ಮರಾಠಿ ಹುಡುಗಿ. ಲೈನು ಎಂದಿನಂತೆ ಕೊರಕೊರ ಎನ್ನುತ್ತಿತ್ತು.

“ಕಾಯಿ,” ಎಂದರು ರಘೋತ್ತಮ.

“ಕಾಯ್?” ಎಂದಳು ಮಂದಾಕಿನಿ.

“ಹ್ಞಾಂ. ಕಾಯಿ.”

“ಕಾಯ್? ಕಾಯ್?”

“ಒಮ್ಮೆ ಸಾಕ್ರೀ! ಊರಿಗೆಲ್ಲಾ ಒದರ್ತೀರೇನು?” ಎಂದು ರಘೋತ್ತಮ ಫೋನು ಕುಕ್ಕಿದರು.

ರಘೋತ್ತಮರ ಲೆಕ್ಕದಲ್ಲಿ ಹೆಣ್ಣು ದನಿ ಶಬ್ದವನ್ನು ಸರಿಯಾಗಿ ತಿರುಗಿ ನುಡಿದಿತ್ತು, ಬೇಕಾದ್ದಕ್ಕಿಂತ ಹೆಚ್ಚೇ. ಮಂದಾಕಿನಿಯ ಲೆಕ್ಕದಲ್ಲಿ ಯಾರೋ ಗಂಡಸು ಫೋನು ಮಾಡಿ, ಏನು ಏನು ಎಂದು ಅವಳನ್ನೇ ಕೇಳಿ, ತಿಳಿಯದ ಭಾಷೆಯಲ್ಲಿ ಬೈದು ಇಟ್ಟಿದ್ದ. ಶಬ್ದವೇ ಬರಲಿಲ್ಲವೆಂದು ಅವಳು ಹೇಳಿದಳು. ಹಳೆಯ ಶಬ್ದಗಳನ್ನೆಲ್ಲ ಒತ್ತಿ ನೋಡಿದರು, ಫ್ಲಾಪಿ ತೆರೆಯಲಿಲ್ಲ. ಮ್ಯಾನೇಜರ್ ನಾಸಿಕ್‌ಗೆ ಫೋನು ಹಚ್ಚಿದರು. “ಶಬ್ದ ಕೊಟ್ಟಾಗಿದೆ, ನಿಮ್ಮವರು ತಿರುಗಿ ಹೇಳಿದ್ದೂ ಆಗಿದೆ. ತೆರೆಯದಿದ್ದರೆ ಅದು ನಾವು ಕಳಿಸಿದ ಫ್ಲಾಪಿಯೇ ಅಲ್ಲ,” ಎಂದು ಉತ್ತರ ಬಂತು.

ಫ್ಲಾಪಿ ದಾರಿಯಲ್ಲಿ ಬದಲಾಗಿದೆ. ಎರಡೂ ಕಡೆಯವರಿಗೆ ಬಹುದಿನದ ಸಂಶಯ ಕೊನೆಗೂ ಕೈಗೆ ಸಿಕ್ಕಂತಾಯಿತು. ಬೇವಿನ ಮರದ ಕೆಳಗೆ ಬೆನ್ನು ತಿರುಗಿಸಿ ನಿಂತಿದ್ದ ವೈಜನಾಥರನ್ನು ಕಾವಲುಗಾರ ರಟ್ಟೆ ಹಿಡಿದು ಒಳಗೆ ತಂದ. ಚೀಲ ಬೋರಲು ಹಾಕಿದರು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಟವೆಲ್ಲು ಬಿದ್ದವು. ಪಾಟಿಗಳ ಕಟ್ಟಿಗೆಯ ಚೌಕಟ್ಟು ಕಿತ್ತು ನೋಡಿದರು. ಕಲ್ಲು ಬಿಟ್ಟರೆ ಏನೂ ಇರಲಿಲ್ಲ. ಪೊಲೀಸರನ್ನು ಕರೆಸುವ ಮಾತು ಬಂತು.

“ಸ್ಟೂಲ್ ಮ್ಯಾಲ ಕುಂದ್ರಿಸಿದ್ರು,” ವೈಜನಾಥ ನೆನೆಯುತ್ತಾರೆ. “ನಂಗೂ ಸಂಶಯ ಬಂತ್ರಿ. ಯೇವಲಾದಾಗ ಕಣ್ಣು ಮುಚ್ಚಿದ್ನೇನು? ಬಾಜೂದಾಂವ ಬಾಳ ನಗ್ತಿದ್ದ, ಯಾಕ ನಗ್ತಿದ್ದ? ಊರಾಗ ಕಳ್ಳ ಅಂದ್ರ ಈರಮ್ಮಗ ಏನ್ ಹೇಳ್ಲಿ? ಪಾಟಿದಾಗ ಏನದ ಅಂತ ಸುದ್ದಾ ಆಕಿಗೆ ಹೇಳಿಲ್ಲ.”

ಅಷ್ಟರಲ್ಲಿ ಪ್ರೇಮಾಬಾಯಿ ಬಂದರು. ಕೋಣೆ ತುಂಬ ಜನ ಸೇರಿದ್ದನ್ನು ಕಂಡು, ಮೊದಲು ಮಂದಾಕಿನಿಯನ್ನು ಹಿಡಿದು ಕೇಳಿದರು: ಫೋನಿನಲ್ಲಿ ನೀನು ಏನಂದೆ?

“ಮೀ ಫಕ್ತ ‘ಕಾಯ್’ ವಿಚಾರಲಂ,” ಎಂದಳು ಹುಡುಗಿ ಅಳುಮೋರೆಯಲ್ಲಿ. ನಾನು ‘ಏನು’ ಅಂತ ಕೇಳಿದೆ, ಅಷ್ಟೇ.

“ಅವರೇನಂದ್ರು?”

“ತೇ ಪಣ ಕಾಯ್!” ಅವರೂ ಅದನ್ನೇ.

ಪ್ರೇಮಾಬಾಯಿ ಅಲ್ಲೇ ಕುರ್ಚಿಯಲ್ಲಿ ಕುಸಿದು, ಸೆರಗು ಬಾಯಿಗೊತ್ತಿ ನಕ್ಕರು. “ಅಯ್ಯ, ಅವರು ಕೇಳಿಲ್ಲೇ ಹುಡುಗಿ, ಹೇಳ್ಯಾರ! ಕಾಯಿ ಅಂದಾರ! ತೆಂಗಿನಕಾಯಿ, ಕಾಯಿ!” ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಬಗೆಯಲ್ಲಿ ಒತ್ತಿದರು, ತೆರೆಯಲಿಲ್ಲ. ಒಂದಕ್ಷರ ಬಿಟ್ಟು ಒತ್ತಿದರು. ಪರದೆಯ ಮೇಲೆ ಸ್ಕೂಟರಿನ ಕಾಲ್ಮೆಟ್ಟು ಗೆರೆಗೆರೆಯಾಗಿ ಅರಳಿತು.

ಎಲ್ಲರೂ ನಕ್ಕರು. ವೈಜನಾಥ ನಗಲಿಲ್ಲ. ಮ್ಯಾನೇಜರ್ ಚಹಾ ತರಿಸಿದರು, ಮುಟ್ಟಲಿಲ್ಲ. ತಾವು ತಿದ್ದಿದ ನಕ್ಷೆಯ ಫ್ಲಾಪಿಗೆ ಅದೇ ಶಬ್ದದ ಬೀಗ ಹಾಕಿ ನಾಸಿಕ್‌ಗೆ ಒಯ್ಯಲು ಕೊಟ್ಟರು, ತೆಗೆದುಕೊಳ್ಳಲಿಲ್ಲ. ಸಿಟ್ಟಾಗಿದ್ದಾರೆ ಎಂದುಕೊಂಡು ಪ್ರೇಮಾಬಾಯಿ ಹತ್ತಿರ ಬಂದು, “ತಪ್ಪಾತು ವೈಜನಾಥಣ್ಣ, ಮನಸ್ಸಿಗೆ ಹಚ್ಕೋಬ್ಯಾಡ್ರಿ,” ಎಂದರು.

“ಅದಲ್ಲಕ್ಕಾ,” ಎಂದರು ವೈಜನಾಥ. “ನೀವು ಅಷ್ಟ ಜೋರಾಗಿ ಹೇಳಿದ್ರಿ. ನನ್ನ ಕಿವಿಗಿ ಬಿತ್ತು. ಈಗ ನಂಗ ಗೊತ್ತದ. ಶಬ್ದ ಬದ್ಲಿ ಮಾಡ್ರಿ, ಆಮ್ಯಾಲ ಒಯ್ತೀನಿ.”

ಇವತ್ತೊಂದು ದಿನ ನಡೆಯುತ್ತದೆ ಎಂದರು ಮ್ಯಾನೇಜರ್. ವೈಜನಾಥ ಸ್ಟೂಲು ಬಿಟ್ಟೇಳಲಿಲ್ಲ. ಪೊಲೀಸರ ಭಯಕ್ಕೆ ಕೂತಿದ್ದ ಅದೇ ಸ್ಟೂಲಿನ ಮೇಲೆ ಈಗ ಹಟಕ್ಕೆ ಕೂತರು. ಕಡೆಗೆ ಪ್ರೇಮಾಬಾಯಿ ಹೊಸ ಶಬ್ದ ಹಾಕಿ ಬೀಗ ಬಿಗಿದರು. ಅದನ್ನು ನಾಸಿಕ್‌ಗೆ ಹೇಳಲು ಫೋನೆತ್ತುವ ಮುನ್ನ ಬಾಗಿಲ ಕಡೆ ನೋಡಿದರೆ, ಸ್ಟೂಲು ಖಾಲಿ. ವೈಜನಾಥ ಆಗಲೇ ಬೇವಿನ ಮರ ಮುಟ್ಟಿ ಬೆನ್ನು ತಿರುಗಿಸಿದ್ದರು. ಈ ಸಲ ಎರಡೂ ಕಿವಿಯಲ್ಲಿ ಬೆರಳೂ ಇತ್ತು.

ನಾಸಿಕ್‌ನವರು ಕ್ಷಮೆ ಕೇಳಿದರೇ? “ಅವರ್ಯಾಕ ಕೇಳಬೇಕ್ರಿ? ನಾ ಅವರ ಜಾಗಾದಾಗ ಇದ್ರ ಮೊದ್ಲು ನನ್ನೇ ಹಿಡೀತಿದ್ದೆ.” ಹೊಸ ಪಾಟಿಗಳ ದುಡ್ಡನ್ನು ಮಾತ್ರ ಔರಂಗಾಬಾದಿನವರಿಂದ ವಸೂಲು ಮಾಡಿದ್ದಾರೆ.

ದೌಲತಾಬಾದಿನ ಕೋಟೆಯ ಗುಡ್ಡ ದೂರದಲ್ಲಿ ಕಾಣಿಸಿದಾಗ ಅವರ ಬೆನ್ನು ಮೊದಲ ಬಾರಿ ಸೀಟಿಗೆ ಒರಗುತ್ತದೆ. ಮೊಣಕಾಲ ಮೇಲೆ ಪಾಟಿಗಳು, ಅವುಗಳ ಮೇಲೆ ಎರಡೂ ಅಂಗೈ. ಇಷ್ಟೆಲ್ಲ ಬರೆದದ್ದು ಪುರವಣಿಯಲ್ಲಿ ‘ಎಲೆಮರೆಯ ಕಾಯಿ’ ಎಂಬ ಹೆಸರಿನ ಕೆಳಗೆ ಬರುತ್ತದೆ ಎಂದು ತಿಳಿಸಿದ್ದೇ ತಡ, ಬೆನ್ನು ಮತ್ತೆ ನೆಟ್ಟಗಾಗುತ್ತದೆ. ಅವರು ಹಿಂದಿನ ಸೀಟು ನೋಡುತ್ತಾರೆ, ಮುಂದಿನ ಸೀಟು ನೋಡುತ್ತಾರೆ.

“ಆ ಶಬ್ದ ನಿಮಗ ಯಾರು ಹೇಳಿದ್ರು?”

ಅದು ಪುರವಣಿಯ ಹಳೆಯ ಅಂಕಣ, ಫ್ಲಾಪಿ ಹುಟ್ಟುವ ಮೊದಲಿನಿಂದ ಇದೆ, ಅಲ್ಲದೆ ಆ ಶಬ್ದ ಬದಲಾಗಿ ಎಷ್ಟೋ ಕಾಲವಾಯಿತು ಎಂದು ಹೇಳಿದರೂ ಅವರಿಗೆ ಸಮಾಧಾನವಿಲ್ಲ. ಒಂದು ಸಲ ಬೀಗ ತೆಗೆದದ್ದನ್ನು ಪೇಪರಿನಲ್ಲಿ ದಪ್ಪಕ್ಷರದಲ್ಲಿ ಹಾಕುವುದು ಯಾವ ಜಾಣತನ ಎಂದು ಅವರ ಮುಖ ಕೇಳುತ್ತಿದೆ. ಪಾಟಿಗಳನ್ನು ಎದೆಗೆ ಇನ್ನಷ್ಟು ಹತ್ತಿರ ಎಳೆದುಕೊಂಡು, ದನಿ ತಗ್ಗಿಸುತ್ತಾರೆ.

“ಒಂದು ಕೆಲ್ಸ ಮಾಡ್ರಿ. ಎಲಿಮರಿ ಅಂತ ಅಷ್ಟೇ ಇಡ್ರಿ. ಮುಂದಿಂದು ತಗದುಬಿಡ್ರಿ.”