ಎಲೆಯಲ್ಲಿ ಸಿಂಧೂರ

ಬಾಗಲಕೋಟೆಯ ಕಾಲೇಜಿನಲ್ಲಿ ನಾನು ಓದಿದ್ದು ಕಡಿಮೆ, ಕೇಳಿದ್ದು ಹೆಚ್ಚು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಶನಿವಾರ ಕ್ಲಾಸು ಬಿಟ್ಟ ಕೂಡಲೇ ಹಾಸ್ಟೆಲಿನ ಅರ್ಧ ಹುಡುಗರು ಟಾಕೀಜಿಗೆ ಓಡಿದರೆ, ನಾನು ಮತ್ತು ನನ್ನ ಖೋಲಿಯ ಗೆಳೆಯ ಬಸ್‌ಸ್ಟ್ಯಾಂಡಿಗೆ ಓಡುತ್ತಿದ್ದೆವು. ಎಲ್ಲಿ ಹಾಡೋ ಅಲ್ಲಿ ನಾವು. ಇಳಕಲ್ಲಿನ ನೇಕಾರರ ಓಣಿಯಲ್ಲಿ ಭಜನೆ, ಹುನಗುಂದದ ಕಡೆ ಬೀರಪ್ಪನ ಗುಡಿಗಳ ಮುಂದೆ ಡೊಳ್ಳಿನ ಪದ, ಬಾದಾಮಿಯ ಒಂದು ಚಹಾದಂಗಡಿಯ ಹಿಂದಿನ ಪಡಸಾಲೆಯಲ್ಲಿ ಪೇಟಿ-ತಬಲಾ. ಅಮೀನಗಡದಲ್ಲಿ ಬಸ್ಸು ನಿಂತಾಗ ಇಳಿದು ಕರದಂಟು ತರುವುದು ನನ್ನ ಕೆಲಸ. ಅದರಲ್ಲಿ ಹೆಚ್ಚಿನ ಪಾಲು ತಿನ್ನುವುದೂ ನನ್ನದೇ ಕೆಲಸ.

ನಾನು ಕೇಳುವವ, ಅವನು ಹಾಡುವವ. ಮರೋಳದ ಹತ್ತಿರದ ಕುರಿ ಕಾಯುವ ಮನೆತನದ ಹುಡುಗ. ಪರ ಊರಿನ ಮೇಳದವರು ಕೂಡ, "ಏ ಕಾಲೇಜ, ಒಂದ್ ನುಡಿ ಅನ್ನೋ" ಎಂದು ಅವನನ್ನು ಕರೆದು ನಿಲ್ಲಿಸುತ್ತಿದ್ದರು. ಎಡಗೈಯಿಂದ ಕಿವಿ ಮುಚ್ಚಿಕೊಂಡು ಅವನು ದನಿ ಎತ್ತಿದರೆ ಡೊಳ್ಳು ಹೊಡೆಯುವವರು ತಾವಾಗಿಯೇ ಕೈ ಹಗುರ ಮಾಡುತ್ತಿದ್ದರು. ನನ್ನ ದನಿಯೋ ಒಡಕು ಹಂಡೆ. ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ವರ್ಷ ಧಾರವಾಡದಿಂದ ರೇಡಿಯೋದವರ ಕಾಗದ ಬಂದಿತ್ತು, ಯುಗಾದಿಯ ನಂತರ ದನಿ ಪರೀಕ್ಷೆಗೆ ಬರಬೇಕೆಂದು. ಅವನು ಆ ಕಾಗದವನ್ನು ಟ್ರಂಕಿನಲ್ಲಿ ಬಟ್ಟೆಯ ಕೆಳಗೆ ಇಟ್ಟಿದ್ದ. ಯುಗಾದಿ ಬರುವುದರೊಳಗೆ ಆ ದನಿಯೇ ಇರಲಿಲ್ಲ. ಅದು ಹೋದದ್ದರಲ್ಲಿ ನನ್ನ ಕೈ ಎಷ್ಟಿತ್ತು ಎಂಬುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ದೀಪಾವಳಿಯ ಹಿಂದುಮುಂದಿನ ಒಂದು ರವಿವಾರ ಚೊಳಚಗುಡ್ಡದ ಹತ್ತಿರ ಹಗಲಿನಲ್ಲೇ ಪದದ ಪೈಪೋಟಿ ಇತ್ತು. ಒಂದು ಮೇಳ ಪದದಲ್ಲಿ ಪ್ರಶ್ನೆ ಹಾಕಬೇಕು, ಎದುರಿನವರು ಪದದಲ್ಲೇ ಉತ್ತರ ಕೊಡಬೇಕು. ಒಂದು ಮೇಳದ ಪರವಾಗಿ ನನ್ನ ಗೆಳೆಯ ನಿಂತ. ಎದುರು ನಿಂತವನು ಆ ಭಾಗದಲ್ಲೆಲ್ಲ ಹೆಸರಾದ ಒಬ್ಬ ಮುಸಲ್ಮಾನ ಅಜ್ಜ. ಮೊಹರಂ ಬಂದರೆ ಕರ್ಬಲಾದ ಕಥೆಯ ರಿವಾಯತ ಹಾಡುತ್ತಿದ್ದ, ಬೀರಪ್ಪನ ಗುಡಿಯ ಮುಂದೆ ಡೊಳ್ಳಿನ ಪದ. ಮೂವತ್ತು ವರ್ಷ ಯಾರಿಗೂ ಸೋಲದ ಅಜ್ಜ ಅಂದು ನನ್ನ ಗೆಳೆಯನ ಒಂದು ಪ್ರಶ್ನೆಗೆ ತಡವರಿಸಿ, ನಕ್ಕು, ತಲೆಯ ರುಮಾಲು ತೆಗೆದು ಕೈಮುಗಿದ. ಸೋತವರು ಗೆದ್ದವರಿಗೆ ಎಲೆ-ಅಡಿಕೆ ಕೊಡುವುದು ಪದ್ಧತಿ. ಮಂದಿ ಗೆಳೆಯನನ್ನು ಮುತ್ತಿಕೊಂಡಿದ್ದರಿಂದ ಅಜ್ಜ ಎಲೆ ಮಡಿಚಿ ನನ್ನ ಕೈಗೆ ಕೊಟ್ಟ. "ಕೊಡಪಾ ಅವಗ. ಇಂಥಾ ದನಿ ನಾ ಕೇಳಿದ್ದಿಲ್ಲ" ಎಂದ. ನಾನು ಒಯ್ದು ಕೊಟ್ಟೆ, ಅವನು ಅಗಿದ.

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು. ಹದಿನೈದು ದಿನದಲ್ಲಿ ಅವನ ದನಿ ಒರಟಾಯಿತು. ಬಾದಾಮಿಯ ಮೇಣಬಸದಿ ಗುಹೆಗಳ ಮೆಟ್ಟಿಲು ಹತ್ತುವಾಗ ಎರಡು ಸಲ ಕುಳಿತ. ಸಂಜೆಗೆ ಮೈ ಬೆಚ್ಚಗಾಗುತ್ತಿತ್ತು. ಬಿಸಿಲಿನಲ್ಲಿ ತಿರುಗಿದ್ದಕ್ಕೆ ಎಂದ, ನಾನೂ ಹೌದೆಂದೆ. ಇಳಕಲ್ಲಿಗೆ ಹೊರಟ ಬಸ್ಸಿನಲ್ಲಿ ಕೆಮ್ಮಿ ಕೆಮ್ಮಿ ಸಾಕಾಗಿ, "ದನಿ ಯಾಕೋ ಕಟ್ಟೈತಲೇ" ಎಂದ.

ನನ್ನ ನಾಲಿಗೆಗೆ ಎಲುಬಿಲ್ಲ. "ಅಜ್ಜ ಎಲ್ಯಾಗ ಸಿಂಧೂರ ಹಾಕಿ ಕೊಟ್ಟಿರಬೇಕು ನೋಡಲೇ. ಅವನ್ನ ಸೋಲಿಸಿದಿ, ಅನುಭವಿಸು" ಎಂದು ನಕ್ಕೆ.

ನಮ್ಮ ಕಡೆ ಇದು ಹುಡುಗಾಟದ ಮಾತಲ್ಲ. ಹಾಡುವವರಿಗೆ, ನಾಟಕದವರಿಗೆ ಎಲೆಯಲ್ಲಿ ಸಿಂಧೂರ ಹಾಕಿ ತಿನ್ನಿಸಿದರೆ ದನಿ ಸತ್ತುಹೋಗುತ್ತದೆ ಎಂದು ಎಲ್ಲರೂ ನಂಬುತ್ತಾರೆ. ದೊಡ್ಡ ಹಾಡುಗಾರರು ಎದುರಾಳಿಯ ಮನೆಯ ನೀರನ್ನೂ ಕುಡಿಯುವುದಿಲ್ಲ. ಗೆಳೆಯ ನಗಲಿಲ್ಲ. ಕಿಟಕಿಯಾಚೆ ನೋಡುತ್ತ ಕುಳಿತ. "ಖರೇನ ಇರಬೇಕು ಬಿಡಲೇ" ಎಂದ. ಅವನ ಮುಖದಲ್ಲಿ ಸಿಟ್ಟಿಗಿಂತ ಸಮಾಧಾನವೇ ಹೆಚ್ಚು ಕಂಡಿತು. ಅದು ನನಗೆ ಅರ್ಥವಾಗಲಿಲ್ಲ, ಅರ್ಥ ಮಾಡಿಕೊಳ್ಳುವ ಗೋಜಿಗೂ ನಾನು ಹೋಗಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಮಾತು ಗೆಳೆಯನ ಬಾಯಿಂದ ಮರೋಳ ಮುಟ್ಟಿತು, ಹುನಗುಂದ ದಾಟಿತು. ಕಾರ್ತಿಕ ಮುಗಿಯುವಷ್ಟರಲ್ಲಿ ಚೊಳಚಗುಡ್ಡದ ಅಜ್ಜನ ಕೈಯಿಂದ ಯಾರೂ ಎಲೆ ತೆಗೆದುಕೊಳ್ಳದಂತಾಯಿತು. ಮೇಳದವರು ಅವನನ್ನು ಕರೆಯುವುದನ್ನು ಬಿಟ್ಟರು. ಚೇಷ್ಟೆಗೆ ಅಂದಿದ್ದೆ ಎಂದು ನಾನು ಒಮ್ಮೆ ಬಾಯಿ ಬಿಟ್ಟಿದ್ದರೆ ಸಾಕಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಆ ಬೆಕ್ಕು ನಾನೇ. ಆದರೆ ಆ ಹೊತ್ತಿಗೆ ಬೆಕ್ಕಿಗೂ ಅಂಜಿಕೆ ಹತ್ತಿತ್ತು.

ಅಲ್ಲಿಂದ ನಮ್ಮ ರವಿವಾರಗಳ ದಾರಿ ಬದಲಾಯಿತು. ಬಸ್ಸು ಅದೇ, ಅಮೀನಗಡದ ಅಂಗಡಿಗಳು ಅವೇ. ನಾವು ಮಾತ್ರ ಈಗ ಹುನಗುಂದದಾಚೆಯ ಒಂದು ಹಳ್ಳಿಗೆ, ಮದ್ದು ತೆಗೆಯುವವನ ಬಳಿಗೆ ಹೋಗುತ್ತಿದ್ದೆವು. ಆಗದವರು ಇಕ್ಕಿ ಹೊಟ್ಟೆಯಲ್ಲಿ ಸೇರಿದ ಮದ್ದನ್ನು ಅವನು ವಾಂತಿ ಮಾಡಿಸಿ ತೆಗೆಯುತ್ತಿದ್ದ. ಬೇವಿನ ಗಿಡದ ಕೆಳಗೆ ಕೂಡ್ರಿಸಿ ಒಂದು ತಂಬಿಗೆ ಹಸಿರು ರಸ ಕುಡಿಸುವನು. ಗೆಳೆಯ ಬೆನ್ನು ಬಾಗಿಸಿ ಕಾರುವನು. ನಾನು ಹಣೆ ಹಿಡಿದುಕೊಳ್ಳುವೆನು. ಮೊದಲ ರವಿವಾರ ಬರೀ ನೀರು ಬಂತು. ಎರಡನೆಯ ರವಿವಾರವೂ ನೀರೇ. "ಗಟ್ಟಿ ಕುಂತೈತಿ, ಮೂರನೇದ್ದಕ್ಕ ಬಿಡತೈತಿ" ಎಂದ ಮದ್ದಿನವನು. ಹಿಂತಿರುಗುವಾಗ ಗೆಳೆಯನ ಕೈಚೀಲವನ್ನೂ ನಾನೇ ಹಿಡಿಯುತ್ತಿದ್ದೆ. ಅವನ ಅಂಗಿಯ ಕಾಲರು ಕುತ್ತಿಗೆಗೆ ದೊಡ್ಡದಾಗಿತ್ತು.

ಮೂರನೆಯ ರವಿವಾರ ಅವನ ಅಪ್ಪನೂ ಬಂದಿದ್ದ. ಗೆಳೆಯ ಕಾರಲಿಲ್ಲ, ಕೆಮ್ಮಿದ. ಕೆಮ್ಮುತ್ತ ಕೆಮ್ಮುತ್ತ ಒಮ್ಮೆಲೇ ಬಾಯಿಂದ ಕೆಂಪು ಬಂತು, ಮಣ್ಣಿನ ಮೇಲೆ ಹರಡಿತು.

"ಬಂತು ನೋಡ್ರಿ, ಬಂತು! ಸಿಂಧೂರ!" ಎಂದು ಮದ್ದಿನವನು ಕುಣಿದಾಡಿದ.

ಅವನ ಅಪ್ಪ ಮಡಿಲಿನಿಂದ ಬೀರಪ್ಪನ ಭಂಡಾರದ ಅರಿಶಿನ ತೆಗೆದು ಮಗನ ಹಣೆಗೆ ಹಚ್ಚಿ ಅತ್ತ. ನೆರೆದಿದ್ದ ಹೆಂಗಸರು ಕೈಮುಗಿದರು. ನಾನು ಎಲ್ಲರಿಗಿಂತ ಹತ್ತಿರ ನಿಂತಿದ್ದೆ. ಆ ಕೆಂಪಿನಲ್ಲಿ ಸಣ್ಣ ನೊರೆ ಇತ್ತು. ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದವನು ನಾನು. ಅದು ರಕ್ತ ಎಂದು ನನಗೆ ಆ ಗಳಿಗೆಯಲ್ಲೇ ತಿಳಿಯಿತು. ಗೆಳೆಯ ಬಾಯಿ ತೊಳೆದುಕೊಂಡು ನನ್ನ ಕಡೆ ನೋಡಿದ. ನಾನು, "ಹೋತು ನೋಡಲೇ, ಪೀಡಾ ಹೋತು" ಎಂದೆ.

ಅದಾದ ಮೇಲೆ ಎರಡು ತಿಂಗಳು ಅವನು ದನಿ ಬರುವುದನ್ನು ಕಾಯುತ್ತ ಕುಳಿತ. ಖೋಲಿಯಲ್ಲಿ ಕಿವಿ ಮುಚ್ಚಿಕೊಂಡು ಬಾಯಿ ತೆರೆಯುವನು, ಗಾಳಿಯಷ್ಟೇ ಬರುವುದು. ನಾನು ಪುಸ್ತಕದಲ್ಲಿ ಮುಖ ಹುಗಿದುಕೊಂಡು ಕೂರುತ್ತಿದ್ದೆ. ಒಂದು ದಿನ ಅವನು ಕಾಲೇಜಿನ ಮೆಟ್ಟಿಲ ಮೇಲೆ ಬಿದ್ದ. ದವಾಖಾನೆಯಲ್ಲಿ ಡಾಕ್ಟರರು ಎಲ್ಲ ನೋಡಿ, ಕೇಳಿ, ನನ್ನನ್ನು ಹೊರಗೆ ಕರೆದು ಹೇಳಿದರು: "ಎದಿಯಿಂದ ಗಂಟಲಕ್ಕ ಟೀಬಿ ಹಬ್ಬೈತಿ. ಜೀವಕ್ಕ ಧೋಕಾ ಇಲ್ಲ, ಔಷಧ ಐತಿ. ಆದ್ರ ದನಿ ಮರಳಿ ಬರೂದಿಲ್ಲ. ಮೊದಲ ಕೆಮ್ಮಿದಾಗ, ರಕ್ತ ಬಂದಾಗರೆ ಕರಕೊಂಡ ಬಂದಿದ್ರ ಉಳೀತಿತ್ತು."

ಮರುದಿನ ನಾನು ಚೊಳಚಗುಡ್ಡಕ್ಕೆ ಹೋದೆ. ಅಜ್ಜ ಅಂಗಳದಲ್ಲಿ ಆಡಿಗೆ ಮೇವು ಹಾಕುತ್ತಿದ್ದ. ಎಲ್ಲ ಹೇಳಿದೆ, ನನ್ನ ಚೇಷ್ಟೆಯಿಂದ ಹಿಡಿದು. ಬೈಯಲಿ, ಹೊಡೆಯಲಿ ಎಂದು ತಯಾರಾಗಿ ನಿಂತಿದ್ದೆ. ಅವನು ಕೇಳಿದ್ದು ಒಂದೇ ಮಾತು: "ದನಿ ಪೂರಾ ಹೋತೇನಪಾ?" ಹೌದೆಂದೆ. ಅಜ್ಜ ರುಮಾಲು ಸುತ್ತಿಕೊಂಡು ನನ್ನ ಜೊತೆ ಬಸ್ಸು ಹತ್ತಿದ.

ಅಜ್ಜನನ್ನು ಕಂಡು ಗೆಳೆಯ ದವಾಖಾನೆಯ ಮಂಚದಿಂದ ಏಳಲು ನೋಡಿದ. ಆಗದೆ, ಕೂತಲ್ಲಿಂದಲೇ ಅವನ ಪಾದದ ಕಡೆ ಕೈಚಾಚಿದ. ನಾನು, "ಅದು ಸಿಂಧೂರ ಅಲ್ಲಲೇ, ನಾ ಅವತ್ತ ಚೇಷ್ಟಿಗಿ ಅಂದಿದ್ದೆ" ಎಂದು ತೊದಲಿದೆ.

"ಗೊತ್ತಿತ್ತು" ಎಂದು ಗೆಳೆಯ ಪಿಸುಗುಟ್ಟಿದ. ಮೈ ಬಗ್ಗಿಸಿ ಕಿವಿ ಕೊಟ್ಟರೆ ಮಾತ್ರ ಕೇಳುವಷ್ಟು ದನಿ. "ನಮ್ಮಣ್ಣಗೂ ಹಿಂಗ ಮೊದಲ ಕೆಮ್ಮು ಬಂತು, ಆಮ್ಯಾಲ ದನಿ ಹೋತು, ಆಮ್ಯಾಲ ಅಂವ ಹೋದ. ಹಾಸ್ಟೆಲಿನ್ಯಾಗ ಯಾರಿಗೂ ಹೇಳಿದ್ದಿಲ್ಲ. ಸಿಂಧೂರ ಆದ್ರ ಕಾರಿದ್ರ ಹೋಗತೈತಿ. ಅದಕ್ಕ ಸಿಂಧೂರನ ಇರಲಿ ಅಂತ ನಂಬಿದ್ನಿ. ಅಜ್ಜಾ, ನಿನ್ನ ಹೆಸರು ಕೆಡಿಸಿದ್ನಿ, ತಪ್ಪಾತು."

ಅಜ್ಜ ಅವನ ತಲೆಯನ್ನು ಎದೆಗೆ ಒತ್ತಿಕೊಂಡ. "ಸಣ್ಣಾಂವ ಅದಿ ಮಗನ. ಅಂಜಿದಿ. ಸಾಯೂದಕ್ಕ ಯಾರ್ ಅಂಜೂದಿಲ್ಲ?" ಎಂದ.

ಆಗ ಗೆಳೆಯ ನನ್ನ ಕಡೆ ತಿರುಗಿದ. ಅವನ ಕಣ್ಣಿನಲ್ಲಿ ಸಿಟ್ಟಿರಲಿಲ್ಲ; ನಿಜವಾಗಿಯೂ ತಿಳಿದುಕೊಳ್ಳಬೇಕು ಎಂಬಂತೆ ಕೇಳಿದ.

"ಆ ಬೇವಿನ ಗಿಡದ ಬುಡಕ ನಾ ನಿನ್ನ ಮಾರಿ ನೋಡಿದ್ನಿ. ರಕ್ತ ಅಂತ ನಿನಗ ತಿಳಿದಿತ್ತು. ನಾ ಅಂಜಿದ್ನಿ, ಸುಮ್ನಾದ್ನಿ. ನೀ ಯಾಕ ಸುಮ್ನಾದಿ?"

ಅಜ್ಜನೂ ನನ್ನನ್ನೇ ನೋಡಿದ. ಗೆಳೆಯನಿಗೆ ಸಾವಿನ ಅಂಜಿಕೆ ಇತ್ತು. ನನಗಿದ್ದದ್ದು, ಅಷ್ಟು ಜನರೆದುರು ನನ್ನ ಚೇಷ್ಟೆಯನ್ನು ಒಪ್ಪಿಕೊಳ್ಳಬೇಕಾಗುತ್ತದಲ್ಲ ಎಂಬ ನಾಚಿಕೆ. ಅಷ್ಟೇ. ಅದನ್ನು ಅಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅವನು ಉತ್ತರಕ್ಕಾಗಿ ಬಹಳ ಹೊತ್ತು ಕಾದ.