ಬುಡ್ಡೇಸಾಬರ ಮಹಾಪ್ರಾಣ

ಶಿರಹಟ್ಟಿಯ ಬಸ್ ಸ್ಟ್ಯಾಂಡ್ ಹಿಂದೆ ನನ್ನ ಪಂಕ್ಚರ್ ಅಂಗಡಿ, ಪಕ್ಕದಲ್ಲೇ ಪೇಂಟರ್ ಬುಡ್ಡೇಸಾಬರ ಶೆಡ್ಡು. ಟ್ರ್ಯಾಕ್ಟರ್ ಟ್ರೇಲರುಗಳ ಬೆನ್ನಿಗೆ ನುಡಿ ಬರೆಯುವುದು ಅವರ ಕೆಲಸ. ನುಡಿಗಳೂ ಅವರವೇ. ‘ಸೇಡಿನ ಗಾಡಿಗೆ ರಿವರ್ಸ್ ಗೇರಿಲ್ಲ’, ‘ಕೈ ಕೊಟ್ಟವನಿಗೆ ಕೈ ಮುಗಿ, ಮುಂದೆ ಹೋಗಿ ಧೂಳು ಎಬ್ಬಿಸು’. ಅರ್ಧ ತಾಲೂಕು ಸೇಡು ತೀರಿಸಿಕೊಂಡದ್ದು ಅವರ ಬ್ರಶ್ಶಿನಿಂದಲೇ. ಅವರ ಸ್ವಂತದ್ದು ಮಾತ್ರ ಹಾಗೇ ಉಳಿದಿತ್ತು.

ಹನ್ನೆರಡು ವರ್ಷದ ಹಿಂದೆ ಬೆಳ್ಳಟ್ಟಿಯ ಶಾಲೆ ಗೋಡೆಯ ಮೇಲೆ ಅವರು ‘ವಿದ್ಯಾರ್ಥಿ’ ಬದಲು ‘ವಿದ್ಯಾರ್ತಿ’ ಎಂದು ಬರೆದಿದ್ದರು. ಅಲ್ಲಿನ ತಿರಕಪ್ಪ ಮಾಸ್ತರರು ಮಕ್ಕಳನ್ನೆಲ್ಲ ಹೊರಗೆ ಕರೆದು ತೋರಿಸಿ ನಗಿಸಿದರು. ಮಹಾಪ್ರಾಣ ನುಂಗಿದ್ದಕ್ಕೆ ‘ಅಲ್ಪಪ್ರಾಣ’ ಎಂದು ಹೆಸರಿಟ್ಟರು. ಆ ಹೆಸರು ಇವರಿಗಿಂತ ಮೊದಲೇ ಬಸ್ಸು ಹತ್ತಿ ಊರು ಸೇರಿತು. ಮಗಳು ಜಾಸ್ಮಿನಳ ನಿಕಾಹದ ದಿನ ಬೀಗರ ಕಡೆಯ ಮುದುಕನೊಬ್ಬ, “ಅಲ್ಪಪ್ರಾಣರ ಮನಿ ಯಾವುದ್ರಿ?” ಎಂದು ಕೇಳಿಕೊಂಡು ಬಂದ. ಬುಡ್ಡೇಸಾಬರು ಅವತ್ತು ಊಟ ಮಾಡಲಿಲ್ಲ.

ಈ ವರ್ಷ ಮಾಸ್ತರರು ನಿವೃತ್ತರಾಗಿ ಟ್ರ್ಯಾಕ್ಟರ್ ಕೊಂಡರು. ಟ್ರೇಲರ್ ತಂದು ನಿಲ್ಲಿಸಿ, ಬರೆಯಬೇಕಾದ್ದನ್ನು ಚೀಟಿಯಲ್ಲಿ ಕೊಟ್ಟು ಹೋದರು: ‘ನಾಲ್ಕು ಜನರ ಮದ್ಯದಲ್ಲೇ ಬದುಕು’.

ನಾನು ಎರಡೆರಡು ಸಲ ಓದಿದೆ. ಮಧ್ಯ ಹೋಗಿ ಮದ್ಯ ಆಗಿತ್ತು. ಚಹಾ ಸಹ ಕುಡಿಯದ ಮನುಷ್ಯ, ಬದುಕೆಲ್ಲ ಹೆಂಡದಲ್ಲೇ ಇದೆ ಎಂದು ಬರೆದುಕೊಟ್ಟಿದ್ದರು. ನನಗೆ ಕುಣಿಯುವಷ್ಟು ಖುಷಿಯಾಯಿತು.

“ಇದ್ದಂಗ ಬರೀರಿ ಕಾಕಾ. ಲಕ್ಷ್ಮೇಶ್ವರ, ಮುಂಡರಗಿ, ಗದಗ ಎಲ್ಲಾ ಓದ್ಲಿ,” ಎಂದೆ.

ಬುತ್ತಿ ತಂದಿದ್ದ ಅವರ ಹೆಂಡತಿ ಸುಗ್ರಾಬಿ ಚೀಟಿಯ ಕಥೆ ಕೇಳಿ, “ಬರೀರಿ. ಓದಿದವ್ರು ಬರದಾಂವ ಯಾರು ಅಂತ ಕೇಳ್ತಾರ. ಮತ್ತ ಅಲ್ಪಪ್ರಾಣನೇ ಅಂತಾರ,” ಎಂದು ಡಬ್ಬಿ ಬಿಚ್ಚಿದಳು.

ಬುಡ್ಡೇಸಾಬರು ತುತ್ತು ಹಿಡಿದೇ ಕುಳಿತರು. “ಬರದ್ರ ನನ್ನ ಹೆಸರು ಹೋಗ್ತೈತಿ. ತಿದ್ದಿದ್ರ ಆ ಮಾಸ್ತರಂದು ಉಳೀತೈತಿ. ಇದ್ಯಾವ ಸೇಡಪಾ?”

ಮೂರು ದಿನ ಬ್ರಶ್ಶು ಅದ್ದಿದರು, ಒರೆಸಿದರು. ಬಂದ ಗಿರಾಕಿಯನ್ನೆಲ್ಲ ಕೇಳಿದರು, ಒಬ್ಬೊಬ್ಬನದು ಒಂದೊಂದು ಮಾತು. ಕೊನೆಗೆ ‘ದ’ದ ಕೆಳಗೆ ಸಣ್ಣದೊಂದು ಸೀಳು ಎಳೆದು ‘ಧ’ ಮಾಡಿದರು. ನನಗೆ ಸಿಟ್ಟು ಬಂತು, ಆ ದಿನ ಅವರೊಡನೆ ಮಾತಾಡಲಿಲ್ಲ.

ಮಾಸ್ತರರು ಬಂದು ಓದಿದರು. “ಭೇಷ್, ಅಲ್ಪಪ್ರಾಣ. ಒಂದೂ ತಪ್ಪಿಲ್ಲ ನೋಡು.”

ನಾನು ಬಾಯಿ ತೆರೆಯುವಷ್ಟರಲ್ಲಿ ಬುಡ್ಡೇಸಾಬರು ಜೇಬಿನಿಂದ ಚೀಟಿ ತೆಗೆದು ಕೊಟ್ಟರು. “ನೀವು ಬರದದ್ದು ಓದ್ರಿ ಸರ.”

ಮಾಸ್ತರರು ಓದಿದರು. ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ಓದಿದರು. ಚೀಟಿಯನ್ನು ಸಣ್ಣಗೆ ಮಡಚಿ ಜೇಬಿಗಿಟ್ಟು ಟ್ರ್ಯಾಕ್ಟರ್ ಹತ್ತಿದರು. ಹತ್ತಿದವರು ಇಳಿದು ಬಂದರು.

“ಬರ್ತೇನ್ರಿ, ಬುಡ್ಡೇಸಾಬರ.”

ಯಾರನ್ನು ಕರೆದರೋ ಎಂದು ಬುಡ್ಡೇಸಾಬರು ಹಿಂದೆ ತಿರುಗಿ ನೋಡಿದರು.