ಬುಧವಾರದ ಬೋಣಿ

ಕುಮಟಾದ ಸೈಬರ್ ಕೆಫೆಯ ಬಾಗಿಲು ತಳ್ಳಿದರೆ, ಒಳಗೆ ಕಂಪ್ಯೂಟರಿನ ಮುಂದೆ ಹೊಳನಗದ್ದೆಯ ನನ್ನ ಚಿಕ್ಕಿ, ಅಮ್ಮನ ತಂಗಿ. ಕಾಲ ಬಳಿ ಸಂತೆಚೀಲ, ಅದರಿಂದ ಇಣುಕುವ ಬಸಳೆ. ಪರದೆಯ ಮೇಲೆ ನನ್ನದೇ ವೆಬ್‌ಸೈಟ್. ನಮ್ಮ ಕಡೆಯ ಕಡಲತೀರಗಳ ಬಗ್ಗೆ ನಾನು ಬರೆದದ್ದರಲ್ಲಿ ಒಂದಕ್ಷರವನ್ನೂ ಓದದೆ, ಪಕ್ಕದ ಜಾಹೀರಾತುಗಳನ್ನು ಒಂದೊಂದಾಗಿ ಒತ್ತುತ್ತಿದ್ದಳು.

“ಚಿಕ್ಕಿ, ಇದೆಂತ?”

“ಇದನ್ನ ಒತ್ತಿದ್ರೆ ನಿಂಗೆ ದುಡ್ಡು ಬರ್ತದೆ ಅಂತ ನೀನೇ ಹೇಳಿದ್ದಲಾ ತಮಾ. ಸಂತೆಗೆ ಬಂದಾಗೆಲ್ಲ ಬೋಣಿ ಮಾಡಿ ಹೋಗ್ತೆ.”

ಅಲ್ಲಿಗೆ ಎಲ್ಲ ಅರ್ಥವಾಯಿತು. ಪ್ರತಿ ಬುಧವಾರ, ಕುಮಟಾದ ಸಂತೆಯ ದಿನ, ನನ್ನ ಜಾಹೀರಾತು ಆದಾಯ ತೆಂಗಿನ ಮರ ಹತ್ತುತ್ತಿತ್ತು. ಒಂದೆರಡು ದಿನದಲ್ಲಿ ಧೊಪ್ಪನೆ ಬೀಳುತ್ತಿತ್ತು. ಒಬ್ಬರೇ ಕೂತು ಒತ್ತಿದ್ದೆಂದು ಪತ್ತೆಯಾದರೆ ಜಾಹೀರಾತು ಕಂಪನಿ ಕೊಟ್ಟದ್ದನ್ನು ವಾಪಸು ಪಡೆಯುತ್ತದೆ, ಅತಿಯಾದರೆ ಖಾತೆಯನ್ನೇ ಮುಚ್ಚುತ್ತದೆ. ಚಿಕ್ಕಿಯ ಕೈವಾಡ ತಿಳಿಯದ ನಾನು ಈ ಏರಿಳಿತಕ್ಕೆ ಕಾರಣ ಡಾಲರು, ಅಮೆರಿಕದ ಷೇರುಪೇಟೆ, ಅಲ್ಲಿಯವರ ಹಬ್ಬದ ಖರ್ಚು ಎಂದು ಚಹಾದಂಗಡಿಯಲ್ಲಿ ಉಪನ್ಯಾಸ ಕೊಡುತ್ತಿದ್ದೆ. ಬುಧವಾರ ನನ್ನ ಬರವಣಿಗೆಗೇ ಒಂದು ಕಳೆ ಬರುತ್ತದೆಂದು ಒಳಗೊಳಗೇ ಬೀಗಿದ್ದೂ ಉಂಟು.

ಖಾತೆ ಹೋದೀತೆಂದು ವಿವರಿಸಿ ಹೇಳಿದೆ. ಚಿಕ್ಕಿ ಮೌಸನ್ನು ಆಚೆ ಸರಿಸಿದಳು.

“ಬೋಣಿ ಬ್ಯಾಡ ಅನ್ನೂ ಕಂಪನಿ ಎಂತಾ ಕಂಪನಿಯೇನ. ಆತು, ಇನ್ನು ಒತ್ತೂದಿಲ್ಲ.”

ಮುಂದಿನ ಬುಧವಾರ ಆದಾಯ ಏರಲಿಲ್ಲ, ಆಮೇಲೆ ಇಳಿಯಲೂ ಇಲ್ಲ. ನಾನು ಊರಿಗೆಲ್ಲ ವಿವರಿಸುತ್ತಿದ್ದ ಅಮೆರಿಕದ ಆರ್ಥಿಕತೆ ಇಷ್ಟು ದಿನ ಹೊಳನಗದ್ದೆಯಲ್ಲಿ ಬಸ್ಸು ಹತ್ತಿ, ಬಸಳೆ ಕೊಳ್ಳಲು ಸಂತೆಗೆ ಬರುತ್ತಿತ್ತು.